ಅಬ್ಬಾ ಮಸೀದಿಗೆ ಹೋಗುವುದನ್ನು ಬಿಟ್ಟರೆ

"ಅಬ್ಬಾಗೆ ಬರೀ ಹಠ, ಹಕೀಮ್ ಸಾಬ್. ನೀರು ಕುಡಿಯಲ್ಲ, ಮಸೀದಿಗೆ ಹೋಗಲ್ಲ, ಕೋಣೆ ತುಂಬ ವಾಸನೆ. ಕೇಳಿದರೆ ಸಿಟ್ಟು." ಮಗ ದೂರುತ್ತಿದ್ದಾಗ ಎಪ್ಪತ್ತು ದಾಟಿದ ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಮಗನನ್ನು ಹೊರಗೆ ಕಳಿಸಿದ ಮೇಲೆ ಬಾಯಿಬಿಟ್ಟರು: ಮೂತ್ರ ತಡೆಯಲಾಗುತ್ತಿಲ್ಲ, ಸಫ್‌ನಲ್ಲಿ ನಿಲ್ಲಲು ನಾಚಿಕೆ.

ನೀವು ಹಠವೆಂದುಕೊಂಡದ್ದು ಎಷ್ಟೋ ಸಲ ಕಾಯಿಲೆ. ಯುನಾನಿಯಲ್ಲಿ ಇದನ್ನು ಸಲಸುಲ್ ಬೌಲ್ ಎನ್ನುತ್ತೇವೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು; ಸಕ್ಕರೆ ಕಾಯಿಲೆ, ಸೋಂಕು, ಕೆಲವು ಬಿ.ಪಿ. ಮಾತ್ರೆಗಳೂ ಕಾರಣವಾಗಬಹುದು. ಪರೀಕ್ಷೆ ಮಾಡಿಸಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನೀರು ಬಿಟ್ಟರೆ ಉರಿ ಹೆಚ್ಚುತ್ತದೆ. ಹಗಲಲ್ಲಿ ಕುಡಿಯಲಿ, ಮಗ್ರಿಬ್ ನಂತರ ಚಹಾ ಬೇಡ. ಮೂತ್ರ ಕಟ್ಟಿಕೊಂಡರೆ ಅಥವಾ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನು ವುಝೂ ನಿಲ್ಲದೆಂಬ ಚಿಂತೆ. ಇಂಥ ಮಅಝೂರ್‌ಗಳಿಗೆ ಫಿಕ್ಹ್‌ನಲ್ಲಿ ರಿಯಾಯಿತಿ ಇದೆ. ಆಲಿಮರನ್ನು ಕೇಳಿ ಅವರಿಗೆ ತಿಳಿಸಿ.

ಮುಂದಿನ ಮಾತು ಕೆಲವರಿಗೆ ಹಿಡಿಸದಿರಬಹುದು. ಒದ್ದೆ ಲುಂಗಿಯನ್ನು ಸೊಸೆಯ ಪಾಲಿಗೆ ಬಿಡಬೇಡಿ. ಮಾವನಿಗೆ ಅದು ಸಾಯುವಷ್ಟು ಅವಮಾನ, ಆಕೆಗೂ ಮುಜುಗರ. ಮಗನೇ ಒಗೆಯಲಿ. ತಂದೆತಾಯಿಗೆ 'ಉಫ್' ಎನ್ನಬಾರದೆಂದು ಜುಮಾ ಬಯಾನಿನಲ್ಲಿ ಕೇಳಿ ತಲೆಯಾಡಿಸುತ್ತೇವೆ. ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಳ್ಳುವುದು ಮತ್ತೇನು?

ತಂದೆಯ ಒಪ್ಪಿಗೆ ಪಡೆದು ಮಗನಿಗೆ ವಿಷಯ ತಿಳಿಸಿದೆ. "ಮೊದಲೇ ಹೇಳಬಾರದಿತ್ತಾ ಅಬ್ಬಾ?" ಎಂದ. ಮುದುಕರು ಉತ್ತರಿಸಲಿಲ್ಲ. ವರ್ಷದಿಂದ ಬೈದವನಿಗೆ ಹೇಗೆ ಹೇಳಿಯಾರು?

ನಿಮ್ಮ ಮನೆಯಲ್ಲೂ ಹೀಗಿದ್ದರೆ ಊಟದ ಹೊತ್ತಿನಲ್ಲಿ, ಎಲ್ಲರೆದುರು ಕೇಳಬೇಡಿ. ಇಶಾ ಆದ ಮೇಲೆ ಅವರ ಮಂಚದ ಬಳಿ ನೀವೊಬ್ಬರೇ ಕುಳಿತು ಕೇಳಿ.