ಬಡಾವಣೆಗೊಂದು ನೀರಿನ ಲೆಕ್ಕ

ಬೆಂಗಳೂರು ಜಲಮಂಡಳಿಯು 1964ರ ಕಾಯಿದೆಯನ್ವಯ ಸ್ಥಾಪಿತವಾದ ಸಾರ್ವಜನಿಕ ಸಂಸ್ಥೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಹಂತಹಂತವಾಗಿ ಮೇಲೆತ್ತಿ ತರಬೇಕಾಗಿರುವುದರಿಂದ ಅದರ ವೆಚ್ಚದಲ್ಲಿ ವಿದ್ಯುತ್ತಿನ ಪಾಲು ದೊಡ್ಡದು. 2014ರಿಂದ ಬದಲಾಗದಿದ್ದ ದರವನ್ನು 2025ರ ಏಪ್ರಿಲ್‌ನಲ್ಲಿ ಏರಿಸಿದ್ದನ್ನು ಅನ್ಯಾಯವೆನ್ನಲಾಗದು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ವಿಧಿಸಬೇಕಾಗಿ ಬಂದಾಗ ಮಂಡಳಿಯ ನಲ್ಲಿನೀರಿನ ಬೆಲೆ ಎಲ್ಲರಿಗೂ ಅರಿವಾಯಿತು.

ಆದರೆ ಸೋರಿಹೋದ, ಮೀಟರಿಗೆ ಸಿಗದ ಪ್ರತಿ ಲೀಟರಿನ ವೆಚ್ಚವೂ ಕೊನೆಗೆ ಪ್ರಾಮಾಣಿಕವಾಗಿ ಹಣ ಕಟ್ಟುವವನ ಮೇಲೆಯೇ ಬೀಳುತ್ತದೆ. ಹನುಮಂತನಗರದ ಹೋಟೆಲಿನವರಿಗೂ ಸಣ್ಣ ಕೈಗಾರಿಕೆಯವರಿಗೂ ತಮ್ಮ ಮೀಟರಿನ ಅಂಕಿ ಗೊತ್ತು. ಬಡಾವಣೆಗೆ ಬಂದ ನೀರೆಷ್ಟು, ಅದರಲ್ಲಿ ಬಿಲ್ಲಾದದ್ದೆಷ್ಟು ಎಂಬುದು ಆ ಬಿಲ್ಲಿನಲ್ಲಿ ಕಾಣದು. ಅಂಗಡಿಯಲ್ಲಿ ಬಂದ ಸರಕಿಗೂ ಮಾರಾಟಕ್ಕೂ ದಾಸ್ತಾನಿಗೂ ತಾಳೆಯಾಗದಿದ್ದರೆ ಯಾವ ಲೆಕ್ಕಪರಿಶೋಧಕನೂ ಪ್ರಶ್ನಿಸದೆ ಬಿಡನು.

ಅಮೆರಿಕದ ಹಲವು ರಾಜ್ಯಗಳಲ್ಲಿ ಸ್ಥಳೀಯ ಜಲಮಂಡಳಿಗಳ ಸದಸ್ಯರನ್ನು ಆಯಾ ಪ್ರದೇಶದ ಮತದಾರರೇ ಆರಿಸುತ್ತಾರೆ. ಇಲ್ಲಿ ಮಂಡಳಿಯನ್ನು ನೇಮಿಸುವುದು ಸರ್ಕಾರ. ಮತದ ಹಕ್ಕಿಲ್ಲದೆಡೆ ಲೆಕ್ಕ ಕೇಳುವ ಹಕ್ಕಾದರೂ ಇರಬೇಕು. ಉಪವಿಭಾಗವಾರು ನೀರಿನ ಆವಕ-ಜಾವಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುವಂತೆ ವರ್ತಕರ ಸಂಘಗಳು ಒತ್ತಾಯಿಸಲಿ. ಅದಕ್ಕೂ ಮುನ್ನ, ಬಾಕಿ ಉಳಿಸಿಕೊಂಡ ಸದಸ್ಯರು ತಮ್ಮ ಬಾಕಿ ತೀರಿಸಲಿ.