ಕಸುಬಿನ ಮಾತು: ಉರುಳೆ ಬದಲಿಸುವುದೋ, ಅಲಗು ಕೂಡಿಸುವುದೋ?

ಬಡಿಗೆತನವನ್ನೇ ನಂಬಿ ಪುಣೆಗೆ ಬಂದು ನೆಲೆಸಿದ ಮನೆತನದ ಓದುಗರೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಶೆಡ್ಡಿನಲ್ಲಿ ಒಂದು ರಂದಾ ಯಂತ್ರವಿದೆ. ಅದರ ಅಲಗುಗಳನ್ನು ಮೇಲಿಂದ ಮೇಲೆ ಬಿಚ್ಚಿ, ಸಾಣೆ ಹಿಡಿಸಿ, ಮತ್ತೆ ಕೂಡಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ಮಗನು ಸ್ಪೈರಲ್ ಉರುಳೆ ಹಾಕಿಸೋಣವೆನ್ನುತ್ತಾನೆ. ಅದರ ಬೆಲೆಯೋ ಸಣ್ಣದಲ್ಲ. ಮನೆಯಾಕೆಗೆ ಮಗಳ ಕಾಲೇಜಿನ ಫೀಸಿನ ಚಿಂತೆ. ಇವರಲ್ಲಿ ಯಾರ ಮಾತು ಸರಿ?

ಇದು ಒಂದು ಮನೆಯ ಪ್ರಶ್ನೆಯಲ್ಲ. ಇಲ್ಲಿಯವರು ಸುತಾರರೆಂದು ಕರೆಯುವ ಕಸುಬಿನವರು ನಮ್ಮ ಕಡೆಯ ಬಡಿಗೇರರು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಿಂದ ಮರ ತಂದು ಬಾಗಿಲು, ಕಪಾಟು, ದೇವರ ಮಂಟಪ ಮಾಡಿ ಸಂಸಾರ ಸಾಗಿಸುವವರಿಗೆ ಯಂತ್ರದ ಖರ್ಚೂ ಮನೆಯ ಖರ್ಚೂ ಒಂದೇ ಪೆಟ್ಟಿಗೆಯಿಂದ ಹೊರಡಬೇಕು. ಆದುದರಿಂದ ಈ ವಿಷಯವನ್ನು ಕೊಂಚ ಬಿಡಿಸಿ ಹೇಳುವುದು ಒಳ್ಳೆಯದು.

ಯಂತ್ರವನ್ನು ನೋಡದವರಿಗಾಗಿ ಎರಡು ಮಾತು. ಹಿಂದು-ಮುಂದಾಗಿ ಎರಡು ಕಬ್ಬಿಣದ ಮೇಜುಗಳು. ಅವುಗಳ ನಡುವೆ ತಿರುಗುವ ಉಕ್ಕಿನ ಉರುಳೆ. ಉರುಳೆಯ ಮೈಗೆ ಉದ್ದವಾದ ಎರಡೋ ಮೂರೋ ನೇರ ಅಲಗುಗಳು. ಹಲಗೆಯನ್ನು ಮುಂದಿನ ಮೇಜಿನಿಂದ ತಳ್ಳಿದರೆ ಅಲಗು ಅದರ ಹೊಟ್ಟೆಯನ್ನು ಹೆರೆಯುತ್ತದೆ. ಹೆರೆದ ಭಾಗ ಹಿಂದಿನ ಮೇಜಿನ ಮೇಲೆ ಸಾಗುತ್ತದೆ. ಅಲಗಿನ ತುದಿಯೂ ಹಿಂದಿನ ಮೇಜೂ ಒಂದೇ ಮಟ್ಟದಲ್ಲಿರಬೇಕೆಂಬುದು ಈ ವಿದ್ಯೆಯ ಮೂಲ. ಮೇಜು ತಗ್ಗಿದ್ದರೆ ಹಲಗೆಯ ಕೊನೆಯಲ್ಲಿ ಗುಂಡಿ ಬೀಳುತ್ತದೆ. ಎತ್ತರವಾದರೆ ಹಲಗೆಯ ಮೂತಿ ಮೇಜಿಗೆ ಬಡಿಯುತ್ತದೆ.

ಅಲಗುಗಳು ತಮ್ಮತಮ್ಮೊಳಗೂ ಸಮನಾಗಿರಬೇಕು. ಏಕೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಉರುಳೆ ನಿಮಿಷಕ್ಕೆ 4,000 ಸುತ್ತು ತಿರುಗುತ್ತದೆ, ಅಲಗುಗಳು ಮೂರು, ಹಲಗೆ ನಿಮಿಷಕ್ಕೆ 6 ಮೀಟರು ಸಾಗುತ್ತದೆ ಎಂದಿಟ್ಟುಕೊಳ್ಳಿ. ಆಗ 6,000 ಮಿಲಿಮೀಟರಿಗೆ 12,000 ಕಡಿತ. ಎಂದರೆ ಅರ್ಧ ಮಿಲಿಮೀಟರಿಗೊಂದು. ಮೈ ನುಣುಪಾಗುತ್ತದೆ. ಮೂರರಲ್ಲಿ ಒಂದು ಅಲಗು ಕೂದಲೆಳೆಯಷ್ಟು ಮೇಲೆದ್ದಿದ್ದರೆ, ಮೈಯ ಮೇಲೆ ಕೊನೆಯ ಗುರುತು ಬಿಡುವುದು ಅದೊಂದೇ. ಆಗ ಒಂದೂವರೆ ಮಿಲಿಮೀಟರಿಗೊಂದು ಕಡಿತ. ಹಲಗೆಯ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಮೂವರಿಗೆ ಕೂಲಿ ಕೊಟ್ಟು ಒಬ್ಬನಿಂದ ಕೆಲಸ ಮಾಡಿಸಿದಂತಾಯಿತು! ಯಂತ್ರ ಹಳತಾಯಿತೆಂದು ದೂರುವ ಎಷ್ಟೋ ಕಡೆ ಇರುವ ದೋಷ ಇಷ್ಟೇ.

ಇದನ್ನು ಸರಿಪಡಿಸಲು ದೊಡ್ಡ ಸಾಧನಗಳು ಬೇಡ. ಮೊದಲು ಪ್ಲಗ್ಗನ್ನು ಕಿತ್ತಿಡಿ. ಅಲಗು ಕೂರುವ ಗಾಡಿಯಲ್ಲಿ ಹೊಟ್ಟು, ಅಂಟು ಇಲ್ಲದಂತೆ ಒರೆಸಿ. ಒಂದು ನೇರವಾದ, ಒಣಗಿದ ಮರದ ಪಟ್ಟಿಯನ್ನು ಹಿಂದಿನ ಮೇಜಿನ ಮೇಲಿಟ್ಟು ಉರುಳೆಯ ಮೇಲಕ್ಕೆ ಚಾಚಿ, ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಅಲಗು ಪಟ್ಟಿಯನ್ನು ಸ್ವಲ್ಪ ದೂರ ಎಳೆದುಕೊಂಡು ಹೋಗುತ್ತದೆ. ಮೂರು ಮಿಲಿಮೀಟರಿನಷ್ಟು ಹೋದರೆ ಸಾಕು. ಪ್ರತಿ ಅಲಗಿನ ಎರಡು ತುದಿಗಳಲ್ಲಿಯೂ ನಡುವೆಯೂ ಅಷ್ಟೇ ದೂರ ಹೋಗಬೇಕು. ಡಯಲ್ ಗೇಜ್ ಇದ್ದವರು ವ್ಯತ್ಯಾಸವನ್ನು 0.05 ಮಿಲಿಮೀಟರಿನೊಳಗೆ ತರಬಹುದು. ಸ್ಕ್ರೂಗಳನ್ನು ಒಂದೇ ಸಲಕ್ಕೆ ಬಿಗಿಯಬಾರದು; ಬಿಗಿಯುವಾಗ ಅಲಗು ಜರುಗುವುದುಂಟು. ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿದು ಮತ್ತೊಮ್ಮೆ ಅಳೆಯಿರಿ. ಚಾಲೂ ಮಾಡುವ ಮುನ್ನ ಪ್ರತಿಯೊಂದು ಸ್ಕ್ರೂವಿನ ಮೇಲೂ ಪಾನಾ ಇಟ್ಟು ನೋಡಲೇಬೇಕು. ಸಡಿಲಾದ ಅಲಗು ಹಾರಿದರೆ ಗುಂಡಿನಂತೆಯೇ ಸರಿ.

ಇನ್ನೆರಡು ಉಪಾಯಗಳಿವೆ. ಅಲಗಿನ ಬಾಯಿ ಒಂದೆಡೆ ಮುಕ್ಕಾಗಿ ಹಲಗೆಯ ಮೇಲೆ ಗೆರೆ ಎದ್ದರೆ, ಒಂದು ಅಲಗನ್ನು ಮಾತ್ರ ಒಂದೆರಡು ಮಿಲಿಮೀಟರು ಪಕ್ಕಕ್ಕೆ ಸರಿಸಿರಿ. ಒಂದರ ಮುಕ್ಕನ್ನು ಇನ್ನೊಂದು ಮುಚ್ಚುತ್ತದೆ. ಎರಡನೆಯದು, ಸಾಣೆ ಹಿಡಿಸಿದ ಇನ್ನೊಂದು ಜೊತೆ ಅಲಗುಗಳನ್ನು ಸದಾ ಸಿದ್ಧವಾಗಿಟ್ಟಿರಿ. ಒಂದು ಜೊತೆಯ ಅಲಗುಗಳನ್ನೆಲ್ಲ ಒಟ್ಟಿಗೇ ಸಾಣೆಗೆ ಕೊಡಬೇಕು. ತೂಕ ಹೆಚ್ಚುಕಡಿಮೆಯಾದರೆ ಉರುಳೆ ನಡುಗುತ್ತದೆ.

ಇನ್ನು ಸ್ಪೈರಲ್ ಉರುಳೆಯ ವಿಷಯ. ಇದರಲ್ಲಿ ಉದ್ದ ಅಲಗುಗಳಿಲ್ಲ. ಕಾರ್ಬೈಡಿನ ಚಿಕ್ಕ ಚೌಕ ಬಿಲ್ಲೆಗಳನ್ನು ಸುರುಳಿಯಾಗಿ ಸಾಲುಗೂಡಿಸಿರುತ್ತಾರೆ. ಒಂದೊಂದು ಬಿಲ್ಲೆಗೂ ನಾಲ್ಕು ಬಾಯಿ. ಒಂದು ಮೊಂಡಾದರೆ ತಿರುಗಿಸಿ ಮತ್ತೊಂದನ್ನು ಬಳಸಬಹುದು. ತೇಗದ ಮರದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಉಕ್ಕಿನ ಅಲಗು ಬೇಗನೆ ಮೊಂಡಾಗುತ್ತದೆ. ಕಾರ್ಬೈಡ್ ಬಹುಕಾಲ ತಡೆಯುತ್ತದೆ. ಬಿಲ್ಲೆಗಳು ಓರೆಯಾಗಿ ಕೂತ ಉರುಳೆಯಲ್ಲಿ ಸುಳಿ ಇರುವ ಮರದ ನಾರು ಕಿತ್ತು ಬರುವುದೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ತಗ್ಗುತ್ತದೆ. ಉದ್ದ ಅಲಗು ಒಮ್ಮೆಲೇ ಗಾಳಿಯನ್ನೂ ಮರವನ್ನೂ ಹೊಡೆಯುವುದರಿಂದಲೇ ಆ ಸೈರನ್ನಿನಂಥ ಕೂಗು ಏಳುವುದು. ಶೆಡ್ಡಿನ ಪಕ್ಕದಲ್ಲೇ ಮನೆಯಿದ್ದು, ಅಲ್ಲಿ ಮಕ್ಕಳು ಓದುತ್ತಿದ್ದರೆ, ಇದು ಸಣ್ಣ ಲಾಭವಲ್ಲ. ಕೆಲಸಗಾರನ ಕಿವಿಗಂತೂ ಹೇಳುವುದೇ ಬೇಡ.

ಆದರೆ ಇದರಲ್ಲಿಯೂ ಕುಂದುಗಳುಂಟು. ಬಿಲ್ಲೆಯ ಕೆಳಗೆ ಒಂದು ಚೂರು ಹೊಟ್ಟು ಸಿಕ್ಕಿದರೂ ಅದು ಮೇಲೆದ್ದು ಗೆರೆ ಬೀಳುತ್ತದೆ. ಹೆಚ್ಚು ಬಿಗಿದರೆ ಬಿಲ್ಲೆ ಸೀಳುತ್ತದೆ. ತಯಾರಕರು ಹೇಳಿದಷ್ಟೇ ಬಿಗಿಯುವ ಟಾರ್ಕ್ ಪಾನಾ ಬೇಕು. ಕೆಲವು ಕಡೆ ಸಣ್ಣ ಮೋಟಾರಿಗೆ ಭಾರವಾಗುತ್ತದೆ. ಪ್ರತಿ ಸಲ ತೆಳುವಾಗಿ ಹೆರೆಯಬೇಕಾಗುತ್ತದೆ. ಹಲಗೆಯ ಮೇಲೆ ಉದ್ದಕ್ಕೆ ಸಣ್ಣ ಗೆರೆಗಳು ಉಳಿಯುವುದುಂಟು. ಅವು ಮರಳುಕಾಗದಕ್ಕೆ ಹೋಗುತ್ತವೆ. ಚೆನ್ನಾಗಿ ಸಾಣೆ ಹಿಡಿದು ಸರಿಯಾಗಿ ಕೂಡಿಸಿದ ನೇರ ಅಲಗು ನೇರ ನಾರಿನ ಮರಕ್ಕೆ ಕೊಡುವ ನುಣುಪಿಗೆ ಇದು ಸೋಲುವುದೂ ಉಂಟು. ಮುಖ್ಯವಾದ ಮಾತೆಂದರೆ, ಉರುಳೆ ಬದಲಾದರೂ ಹಿಂದಿನ ಮೇಜಿನ ಮಟ್ಟವನ್ನು ಹೊಸದಾಗಿ ಕೂಡಿಸಲೇಬೇಕು. ಸೊಟ್ಟ ಮೇಜನ್ನು ಯಾವ ಉರುಳೆಯೂ ನೆಟ್ಟಗೆ ಮಾಡದು. ಅಳೆಯಲು ಬೇಸತ್ತು ಹೊಸದನ್ನು ಕೊಳ್ಳುವವನಿಗೆ ಅಳೆಯುವ ಕೆಲಸವೇ ಮತ್ತೆ ಎದುರಾಗುತ್ತದೆ.

ಪುಣೆಯಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಪೇಠೆಗಳ ಹಳೆಯ ವಾಡೆಗಳನ್ನು ಕೆಡವಿದಾಗ ಸಿಗುವ ತೇಗದ ತೊಲೆಗಳು ಬಂಗಾರದಂಥವು. ಆದರೆ ಹೊಟ್ಟೆಯಲ್ಲಿ ಮೊಳೆಗಳನ್ನಿಟ್ಟುಕೊಂಡಿರುತ್ತವೆ. ಮೊಳೆ ತಗುಲಿದರೆ ಉಕ್ಕಿನ ಅಲಗು ಮುಕ್ಕಾಗುತ್ತದೆ, ಕಾರ್ಬೈಡ್ ಒಡೆಯುತ್ತದೆ. ಸ್ಪೈರಲ್ಲಿನಲ್ಲಿ ಒಡೆದ ಬಿಲ್ಲೆಯನ್ನಷ್ಟೇ ಬದಲಿಸಬಹುದೆಂಬುದು ನಿಜ. ಆದರೂ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಕೀಳುವುದೇ ಎಲ್ಲಕ್ಕಿಂತ ಅಗ್ಗ.

ಬೆರಳುಗಳ ಮಾತನ್ನು ಬಿಡುವಂತಿಲ್ಲ. ಹಿಂದಿನ ಕಾಲದ ಚೌಕ ಉರುಳೆಗಳು ಅದೆಷ್ಟೋ ಕೈಗಳನ್ನು ತಿಂದವು. ಬ್ರಿಟನ್ನಿನಲ್ಲಿ 1922ರ ಮರಗೆಲಸದ ಯಂತ್ರಗಳ ನಿಯಮಗಳು ಕೈಯಿಂದ ತಳ್ಳುವ ರಂದಾ ಯಂತ್ರಕ್ಕೆ ದುಂಡು ಉರುಳೆಯನ್ನೇ ಕಡ್ಡಾಯ ಮಾಡಿದವು. ನಮ್ಮ 1948ರ ಕಾರ್ಖಾನೆ ಕಾಯಿದೆಯೂ ಯಂತ್ರದ ಅಪಾಯಕರ ಭಾಗಗಳಿಗೆ ಮರೆ ಇರಲೇಬೇಕೆಂದು ವಿಧಿಸಿತ್ತು. ಉರುಳೆಯ ಮೇಲಿನ ಮರೆಯನ್ನು ತೆಗೆದಿಡಬೇಡಿ. ಗಿಡ್ಡ ತುಂಡುಗಳನ್ನು ಬರಿಗೈಯಿಂದ ತಳ್ಳಬೇಡಿ; ಹಿಡಿಯುಳ್ಳ ಮರದ ತುಂಡಿನಿಂದ ತಳ್ಳಿ. ಸ್ಪೈರಲ್ ಉರುಳೆ ಸದ್ದು ಮಾಡುವುದಿಲ್ಲವೆಂದು ಮೈಮರೆಯುವವನಿಗೆ ಅದು ಇನ್ನೂ ಅಪಾಯ.

ಹಾಗಾದರೆ ಉತ್ತರವೇನು? ಯಂತ್ರ ದಿನವಿಡೀ ಓಡುವ ಕಡೆ, ಬೀಟೆಯಂಥ ಗಟ್ಟಿಮರವನ್ನೋ ಸುಳಿಮರವನ್ನೋ ಹೆರೆಯುವ ಕಡೆ, ಸದ್ದಿನಿಂದ ಮನೆಯವರಿಗೂ ನೆರೆಯವರಿಗೂ ಕಷ್ಟವಾದ ಕಡೆ ಸ್ಪೈರಲ್ ಉರುಳೆ ತನ್ನ ಬೆಲೆಯನ್ನು ತಾನೇ ದುಡಿದು ಕೊಡುತ್ತದೆ. ವಾರಕ್ಕೆ ಕೆಲವು ಗಂಟೆ ಓಡುವ ಯಂತ್ರಕ್ಕೆ ಒಂದು ಡಯಲ್ ಗೇಜು, ಇನ್ನೊಂದು ಜೊತೆ ಅಲಗು, ತಾಳ್ಮೆ ಇಷ್ಟು ಸಾಕು. ನಮ್ಮ ಓದುಗರು ಮೂರು ತಿಂಗಳು ಒಂದು ವಹಿ ಇಡಲಿ: ಅಲಗು ಎಷ್ಟು ಸಲ ಬಿಚ್ಚಿತು, ಎಷ್ಟು ಗಂಟೆ ಹೋಯಿತು, ಸಾಣೆಗೆಷ್ಟು, ಎಷ್ಟು ಹಲಗೆ ಕೆಟ್ಟಿತು. ಅಲಗು ಕೂಡಿಸುವ ಕೆಲಸವನ್ನು ಆ ಮೂರು ತಿಂಗಳು ಮಗನೇ ಮಾಡಲಿ, ವಹಿಯನ್ನು ತಾಯಿ ಬರೆಯಲಿ. ಅದರೊಳಗೆ ಫೀಸನ್ನು ಕಟ್ಟಿಬಿಡಿ. ಕಾಲೇಜು ಕಾಯುವುದಿಲ್ಲ, ಉರುಳೆ ಕಾಯುತ್ತದೆ.

ಇಂಥ ಲೆಕ್ಕ ಇಟ್ಟವರು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.