ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಕ್ರಿಕೆಟ್ ಪಂದ್ಯಗಳು 2025ರಲ್ಲಿ ರಾಜ್ಯದ ಕೈತಪ್ಪಿ ಹೋದವು. ಸೆಪ್ಟೆಂಬರ್ 30ರ ಮೊದಲ ಪಂದ್ಯ ಗುವಾಹಟಿಯ ಪಾಲಾಯಿತು, ಸೆಮಿಫೈನಲ್ ನವಿ ಮುಂಬಯಿಯ ಪಾಲಾಯಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಕಪ್ ಗೆದ್ದದ್ದೂ ನವಿ ಮುಂಬಯಿಯಲ್ಲೇ. ತಿಪಟೂರಿನವರು ರೈಲು ಹತ್ತಿ ಹೋಗಿ ಕಣ್ಣಾರೆ ನೋಡಬಹುದಾಗಿದ್ದ ಆಟ ಟಿ.ವಿ.ಗೇ ಮುಗಿಯಿತು. 2026ರ ಟಿ-20 ವಿಶ್ವಕಪ್ಪಿನ ಊರುಗಳ ಪಟ್ಟಿಯಲ್ಲೂ ಬೆಂಗಳೂರಿಗೆ ಜಾಗ ಸಿಗಲಿಲ್ಲ.

ಕಾರಣ ಮುಚ್ಚಿಟ್ಟದ್ದೇನಲ್ಲ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ದಿನ ಇದೇ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗ ಅದು. ಬಂದವರು ಎರಡು-ಮೂರು ಲಕ್ಷ ಎಂದು ಮುಖ್ಯಮಂತ್ರಿಗಳೇ ಹೇಳಿದರು. ನಿಯಮದ ಪ್ರಕಾರ ಅನುಮತಿ ಕೇಳಿರಲಿಲ್ಲ, ಬರೀ ತಿಳಿಸಿದ್ದರು ಎಂದು ಸರ್ಕಾರ ಹೈಕೋರ್ಟಿಗೆ ಹೇಳಿತು. ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ, ಸರ್ಕಾರ ಒಬ್ಬರ ಕಡೆಗೊಬ್ಬರು ಬೆರಳು ತೋರಿಸಿದರು. ಮರುದಿನ ನಗರ ಪೊಲೀಸ್ ಕಮಿಷನರ್ ಸೇರಿ ಐವರು ಪೊಲೀಸ್ ಅಧಿಕಾರಿಗಳು ಸಸ್ಪೆಂಡಾದರು. ಹೋದ ಮಕ್ಕಳು ಮಾತ್ರ ಮನೆಗೆ ಬರಲಿಲ್ಲ.

ಇದು ಮೊದಲ ಪಾಠವೂ ಅಲ್ಲ. 2010ರ ಏಪ್ರಿಲ್ 17ರಂದು ಐಪಿಎಲ್ ಪಂದ್ಯಕ್ಕೆ ಮೊದಲು ಇದೇ ಕ್ರೀಡಾಂಗಣದ ಹೊರಗೆ ಬಾಂಬ್ ಸಿಡಿದು ಹಲವರು ಗಾಯಗೊಂಡರು. ಬೆಂಗಳೂರಿನ ಸೆಮಿಫೈನಲ್‌ಗಳು ಆಗಲೂ ನವಿ ಮುಂಬಯಿಗೇ ಹೋದವು. 2011ರ ವಿಶ್ವಕಪ್ಪಿನಲ್ಲಿ ಕಲ್ಕತ್ತದ ಮೈದಾನ ಸಿದ್ಧವಾಗದೆ ಭಾರತ-ಇಂಗ್ಲೆಂಡ್ ಪಂದ್ಯ ಬೆಂಗಳೂರಿಗೆ ಬಂತು. ತಾನಾಗಿ ಬಂದ ಭಾಗ್ಯ! ಟಿಕೆಟ್ ಸಾಲಿನಲ್ಲಿ ನಿಂತವರಿಗೆ ಸಿಕ್ಕಿದ್ದು ಲಾಠಿ ಏಟು.

ಬಾಂಬಿನ ಭಯಕ್ಕೆ ಗೇಟಿನಲ್ಲಿ ಜೇಬು ತಡಕುವುದು, ಮೆಟಲ್ ಡಿಟೆಕ್ಟರ್ ಇಡುವುದು ರೂಢಿಯಾಯಿತು. ಆದರೆ ಬಂದೋಬಸ್ತ್ ಅಂದರೆ ಖಾಕಿ ತಲೆಗಳ ಲೆಕ್ಕವಷ್ಟೇ ಅಲ್ಲ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ದಳ, ನಗರಪಾಲಿಕೆ, ಮೆಟ್ರೋ, ರೈಲ್ವೆ, ಕೆಎಸ್‌ಆರ್‌ಟಿಸಿ, ಆಟ ಆಡಿಸುವವರು, ಇಷ್ಟೂ ಜನ ಹಲವು ದಿನ ಮುಂಚೆ ಒಂದೇ ಮೇಜಿನ ಸುತ್ತ ಕೂರಬೇಕು. ಯಾವ ಗೇಟು ಎಷ್ಟು ಹೊತ್ತಿಗೆ ತೆಗೆಯಬೇಕು, ಜನ ಜಾಸ್ತಿಯಾದರೆ ಎಲ್ಲಿ ತಡೆಯಬೇಕು, ಆಂಬುಲೆನ್ಸ್ ಯಾವ ದಾರಿಯಲ್ಲಿ ನುಗ್ಗಬೇಕು ಎಂಬುದು ಕಾಗದದ ಮೇಲೆ ಬರಬೇಕು. ಕೊನೆಗೆ "ನಿಲ್ಲಿಸಿ" ಎನ್ನುವ ಅಧಿಕಾರ ಒಬ್ಬರಿಗಿರಬೇಕು, ಆ ಒಬ್ಬರು ಯಾರೆಂದು ಊರಿಗೆಲ್ಲ ಗೊತ್ತಿರಬೇಕು. ಮಂತ್ರಿಯ ಫೋನು ಬಂದರೂ ಆ ಮಾತು ನಡೆಯಬೇಕು.

ತಿಪಟೂರಿನ ಎಪಿಎಂಸಿಯಲ್ಲಿ ಹರಾಜಿನ ದಿನ ಕೊಬ್ಬರಿ ಮೂಟೆಗೂ ಒಂದು ಲೆಕ್ಕವಿದೆ, ತೂಕವಿದೆ, ಚೀಟಿಯಿದೆ. ಮೂಟೆಗಿರುವ ಲೆಕ್ಕ ಮನುಷ್ಯನಿಗೆ ಬೇಡವೇ? ಪುಕ್ಕಟೆ ಪಾಸು ಎಂದು ಮೊಬೈಲಿನಲ್ಲಿ ಡಂಗುರ ಹೊಡೆದು, ಬಂದವರನ್ನು ಮುಚ್ಚಿದ ಗೇಟಿನ ಮುಂದೆ ನಿಲ್ಲಿಸುವುದು ಯಾವ ನ್ಯಾಯ?

ಇನ್ನೊಂದು ದೊಡ್ಡ ಪಂದ್ಯ ಇಂದಲ್ಲ ನಾಳೆ ಬಂದೇ ಬರುತ್ತದೆ. ಅವತ್ತು ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹುಡುಗರು ಹೋಗದೆ ಇರುವುದಿಲ್ಲ. ಟಿಕೆಟ್ ಮುಗಿದಿದೆ, ಜಾಗ ಭರ್ತಿಯಾಗಿದೆ ಎಂಬ ಸುದ್ದಿ ಕಬ್ಬನ್ ರಸ್ತೆಯಲ್ಲಿ ಮೈಕಿನಲ್ಲಿ ಕೂಗಿದರೆ ಸಾಲದು. ಹುಡುಗ ಮನೆ ಬಿಟ್ಟು 140 ಕಿಲೋಮೀಟರ್ ಹೋಗುವ ಮುಂಚೆ, ತಿಪಟೂರು ರೈಲ್ವೆ ಸ್ಟೇಷನ್ನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅದು ಕೇಳಿಸಬೇಕು. ರೈಲ್ವೆಗೂ ಸಾರಿಗೆ ಸಂಸ್ಥೆಗೂ ಪೊಲೀಸರು ಒಂದು ಫೋನು ಮಾಡಿದರೆ ಆಗುವ ಕೆಲಸ ಇದು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಚಾಳಿ ಇನ್ನಾದರೂ ಬಿಡಲಿ. ಕೈತಪ್ಪಿದ ಪಂದ್ಯ ಮತ್ತೆ ತರಬಹುದು. ಗೇಟಿನ ಮುಂದೆ ಹೋದ ಜೀವ ತರುವವರು ಯಾರು?